ಕೀಲಿಕೈ ಇಲ್ಲದ ಕೆಂಪು ಕಾರು

ಬೈಲಹೊಂಗಲ

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಜುಬುರುಕಿ. ಮೂವತ್ನಾಲ್ಕು ವರ್ಷ ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಇನ್‌ಸ್ಪೆಕ್ಷನ್ ಇದ್ದಾಗಲೆಲ್ಲ ಹಿಂದಿನ ದಿನವೇ ಜ್ವರ ಬಂದಿದೆ. ಲಿಫ್ಟಿಗೆ ಅಂಜುತ್ತೇನೆ, ನಾಯಿಗೆ ಅಂಜುತ್ತೇನೆ, ಬ್ಯಾಂಕಿನ ಮಷಿನ್ನು ಕಾರ್ಡು ನುಂಗಿಬಿಟ್ಟರೆ ಎಂದು ಅಂಜುತ್ತೇನೆ. "ಕಿತ್ತೂರಿನ ಸೊಸಿ ಆಗಿ ಹಿಂಗ ಅಂಜಿದ್ರ ನಮ್ಮೂರ ಮರ್ಯಾದಿ ಏನಾಗಬೇಕು?" ಎಂದು ನನ್ನ ಗಂಡ ಮದುವೆಯಾದಾಗಿನಿಂದ ಕಾಡುತ್ತಲೇ ಇದ್ದಾರೆ. ಇಂಥವಳು ಇಟಲಿಗೆ ಹೋಗಿ ಬಂದೆ ಎಂದರೆ ಅದು ತಿರುಗಾಟದ ಹುಚ್ಚಿನಿಂದಲ್ಲ. ಮನೆಯಲ್ಲಿ ಕೂತು ಅಂಜುವುದಕ್ಕಿಂತ ಹೋಗಿ ಅಂಜುವುದೇ ವಾಸಿ ಅನ್ನಿಸಿತು, ಅಷ್ಟೇ.

ಕಾರಣ ಒಂದು ಕಾರು. ಸಿರಸಂಗಿಯ ನಮ್ಮ ತವರುಮನೆಯ ಹಿತ್ತಲಲ್ಲಿ, ಜೋಳದ ಒಣದಂಟಿನ ಕಣಕಿಯ ಬಣವೆಯೊಳಗೆ ಐವತ್ತು ವರ್ಷಕ್ಕೂ ಮೇಲೆ ನಿಂತಿದ್ದ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡು ಕೂತಂಥ ಮೈ. ಕಪ್ಪೆಯ ಹಾಗೆ ಕಾಣುತ್ತದೆಂದು ಊರವರು 'ಕಪ್ಪಿ ಕಾರು' ಅನ್ನುತ್ತಿದ್ದರು. ಅದನ್ನು ಮಾಡಿದ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗಾಗುವುದರೊಳಗೆ ದಲ್ಲಾಳಿಗಳು ನಮ್ಮ ಹಿತ್ತಲ ಗೋಡೆ ಹಾರುತ್ತಾರೆ.

ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟುವ ಕಾಲಕ್ಕೆ ಇಟಲಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದನಂತೆ. ತನ್ನ ಊರಿನಿಂದ ಸವದತ್ತಿಯ ತನಕ ಆ ಕಾರನ್ನು ತಾನೇ ನಡೆಸಿಕೊಂಡು ಬಂದಿದ್ದನಂತೆ. ನಮ್ಮಪ್ಪ ಚಕ್ಕಡಿಯಲ್ಲಿ ಕಲ್ಲು ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಅಪ್ಪನ ಎತ್ತುಗಳನ್ನು ನೋಡಿ ಸಾಹೇಬ ಮಾತಿಗೆ ನಿಂತ, ಇಬ್ಬರಿಗೂ ದೋಸ್ತಿಯಾಯಿತು. ಕೆಲಸ ಮುಗಿದ ಮೇಲೆ ಸಾಹೇಬ ತನ್ನ ದೇಶಕ್ಕೆ ಹೊರಟುಹೋದ. ಮರುದಿನ ಅಪ್ಪ ಎರಡು ಎತ್ತು ಹೂಡಿ ಕಾರನ್ನು ಎಳೆಸಿಕೊಂಡು ಊರಿಗೆ ಬಂದ. ಕಾರಿಗೆ ಕೀಲಿಕೈ ಇರಲಿಲ್ಲ.

"ಸಾಹೇಬರು ನನಗ ಮಾರ್ಯಾರ" ಅಂದ ಅಪ್ಪ.

"ಮಾರಿದ್ರ ಕೀಲಿಕೈ ಎಲ್ಲೈತಿ?" ಅಂತು ಊರು.

"ಅದು ಅವರ ಕಡೇನ ಇರಬೇಕು" ಎಂದು ಅಪ್ಪ ನಕ್ಕ. ವಿಚಾರಿಸಲು ಬಂದ ಫೌಜದಾರರಿಗೂ ಅಷ್ಟೇ ಹೇಳಿದ. ನಂಬದವರ ಮುಂದೆ ಬಿಡಿಸಿ ಹೇಳುವ ಜಾಯಮಾನ ಅವನದಲ್ಲ. ಸವದತ್ತಿಯ ಮಿಸ್ತ್ರಿಯೊಬ್ಬ ಏನೋ ತಂತಿ ಜೋಡಿಸಿ ಗಾಡಿ ಚಾಲೂ ಮಾಡಿಕೊಟ್ಟ ದಿನ, ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರೋಣ ಬಾ ಎಂದು ಅವ್ವನನ್ನು ಕರೆದನಂತೆ. "ಕೀಲಿಕೈ ಇಲ್ಲದ ಗಾಡ್ಯಾಗ ನಾ ಕುಂದ್ರೂದಿಲ್ಲ" ಅಂದಳು ಅವ್ವ. ಮರುವರ್ಷ ಹೊಲದಲ್ಲಿ ಅಪ್ಪನಿಗೆ ಹಾವು ಕಚ್ಚಿತು. ನಾನು ಏಳು ವರ್ಷದವಳು, ತಮ್ಮ ಈರಣ್ಣ ತೊಟ್ಟಿಲಲ್ಲಿದ್ದ.

ಅಪ್ಪ ಹೋದ, ಮಾತು ಉಳಿಯಿತು. ನಾವು 'ಸಾಹೇಬನ ಕಾರ ನುಂಗಿದವರು'. ಕಣ್ಣಿಗೆ ಬೀಳದಿರಲಿ ಎಂದು ಅಜ್ಜ ಅದರ ಮೇಲೆ ಚಪ್ಪರ ಹಾಕಿ ಸುತ್ತಲೂ ಕಣಕಿ ಒಟ್ಟಿದ. ಆಮೇಲೆ ವರ್ಷಾ ವರ್ಷಾ ಒಟ್ಟುವುದು ರೂಢಿಯಾಯಿತು. ಈರಣ್ಣ ಆ ಮಾತಿಗಾಗಿ ಶಾಲೆಯಲ್ಲಿ ಹೊಡೆದಾಡಿದ, ಸಂತೆಯಲ್ಲಿ ಹೊಡೆದಾಡಿದ, ರಾಮದುರ್ಗದಲ್ಲಿ ತನ್ನ ಹೆಣ್ಣು ನೋಡುವ ಶಾಸ್ತ್ರದ ದಿನವೂ ಹೊಡೆದಾಡಿದ. ಅವ್ವ ಮಾತ್ರ ಒಂದು ಮಾತೂ ಆಡಲಿಲ್ಲ. ಹಿತ್ತಲಿಗೆ ಹೋದರೆ ಬಣವೆಗೆ ಬೆನ್ನು ಮಾಡಿಕೊಂಡು ನಡೆಯುತ್ತಿದ್ದಳು. ಅಪ್ಪನನ್ನು ಅವ್ವ ನಂಬಿದ್ದಳೋ ಇಲ್ಲವೋ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ಹೋದ ವರ್ಷ ಪುಣೆಯ ದಲ್ಲಾಳಿಯೊಬ್ಬ ಹೇಗೋ ವಾಸನೆ ಹಿಡಿದು ಬಂದ. ಬಣವೆ ಬಿಚ್ಚಿಸಿ ಒಳಗೆ ನೋಡಿದವನು ಹಾಗೇ ಮಣ್ಣಲ್ಲಿ ಕೂತುಬಿಟ್ಟ. ಇಂಥವು ಲೋಕದಲ್ಲೇ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ಕಣಕಿ ತೇವವನ್ನೆಲ್ಲ ಹೀರಿಕೊಂಡಿತ್ತು, ತುಕ್ಕು ಹತ್ತಿರ ಸುಳಿದಿರಲಿಲ್ಲ. ಮಾರೋಣ, ಪೀಡೆ ತೊಲಗಲಿ ಎಂದ ಈರಣ್ಣ. ದಲ್ಲಾಳಿ ಫೋಟೋ ತೆಗೆದು 'ಮಾರಾಟಕ್ಕಿದೆ' ಎಂದು ಇಂಟರ್ನೆಟ್ಟಿನಲ್ಲಿ ಹಾಕಿದ. ಫೋಟೋದಲ್ಲಿ ಕಾರಿನ ಹಳೆಯ ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ವಾರ ಕಳೆಯುವುದರೊಳಗೆ ಇಟಲಿಯಿಂದ ಈಮೇಲು ಬಂತು.

ಮೂರೇ ಸಾಲು. "ಈ ಕಾರು ನನ್ನ ತಂದೆಯದು. ನಾನು ಫೋನಿನಲ್ಲಿ ಮಾತಾಡುವುದಿಲ್ಲ. ಮಾರುವ ಮೊದಲು ನಿಮ್ಮ ಮನೆಯವರು ನನ್ನ ಮನೆಗೆ ಬರಬೇಕು." ಕೆಳಗೆ ಲುಚಿಯಾ ಎಂಬ ಹೆಸರು. ಜೀವಮಾನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಆ ಮೂರು ಸಾಲನ್ನು ಮೂವತ್ತು ಸಲ ಓದಿದೆ. ಎಲ್ಲೂ ಒಂದು 'ದಯವಿಟ್ಟು' ಇಲ್ಲ. ದಯವಿಟ್ಟು ಇಲ್ಲದ ಇಂಗ್ಲಿಷು ಪೊಲೀಸರದು, ಇಲ್ಲವೇ ವಕೀಲರದು ಎಂದು ನನ್ನ ನಂಬಿಕೆ. ಆ ಹೆಣ್ಣುಮಗಳು ತನ್ನ ತಕರಾರಿಲ್ಲ ಎಂದು ಬರೆದುಕೊಡದೆ ಯಾರೂ ಕಾರು ಕೊಳ್ಳುವುದಿಲ್ಲ ಎಂದು ದಲ್ಲಾಳಿಯೂ ಕೈಚೆಲ್ಲಿದ.

ಹೋಗುವುದು ಬೇಡವೆಂದು ನಾನು ನೂರು ನೆಪ ಹುಡುಕಿದೆ. ಅವ್ವ ಒಂದೇ ಮಾತಿಗೆ ಬಾಯಿ ಮುಚ್ಚಿಸಿದಳು. "ಹೋಗ್ರಿ ಇಬ್ಬರೂ. ಕಳ್ಳ ಅಂದ್ರ ಕಳ್ಳ. ಇದ್ದದ್ದ ಕೇಳ್ಕೊಂಡ ಬರ್ರಿ. ನಾ ಸಾಯೂದ್ರಾಗ ಒಂದ ಗೊತ್ತಾಗ್ಲಿ." ಅಪ್ಪನ ವಿಷಯಕ್ಕೆ 'ಕಳ್ಳ' ಎಂಬ ಶಬ್ದ ಅವ್ವನ ಬಾಯಿಂದ ಬಂದದ್ದು ಅದೇ ಮೊದಲು.

ಮುಂಬೈ

ಈರಣ್ಣ ಸಿರಸಂಗಿಯಿಂದ ತಂದ ಸೂಟ್‌ಕೇಸು ನೋಡಿಯೇ ನನ್ನ ಅರ್ಧ ಜೀವ ಹೋಯಿತು. ಅದಕ್ಕೆ ದನದ ಹಗ್ಗ ಬಿಗಿದಿದ್ದ. ಪುಂಡಿನಾರಿನ ಹಗ್ಗ, ತುದಿಗೊಂದು ಕೆಂಪು ಅರಿವೆಯ ಚೂರು.

"ಇದೇನೋ ಇದು? ವಿಮಾನದಾಗ ಹೊಂಟೇವಿ, ಎತ್ತಿನ ಸಂತಿಗಲ್ಲ" ಅಂದೆ.

"ಇದು ಸಾರಂಗನ ಹಗ್ಗ ಅಕ್ಕಾ. ಇದು ಜೋಡಿ ಇದ್ರ ಕೆಟ್ಟದ್ದ ಆಗೂದಿಲ್ಲ."

ಸಾರಂಗ ಎಂದರೆ ಅವನು ಮಾರಿದ ಎತ್ತು. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಕೊಂಡವನು ತನ್ನ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೇ ಹೋದಂತೆ. ಈರಣ್ಣನ ಕೊಟ್ಟಿಗೆಯ ಗೂಟಗಳಲ್ಲಿ ಹಾಗೆ ಉಳಿದ ಹಗ್ಗಗಳು ಸಾಲಾಗಿ ತೂಗುತ್ತವೆ, ಒಂದೊಂದರ ಹೆಸರೂ ಅವನಿಗೆ ಬಾಯಿಪಾಠ. ಆ ಹೊತ್ತಿಗೆ ನನಗೆ ಹಗ್ಗದ ಮಹಿಮೆ ಬೇಕಿರಲಿಲ್ಲ. ಏರ್‌ಪೋರ್ಟಿನ ನುಣುಪು ನೆಲದ ಮೇಲೆ ಗಾಲಿಯ ಚಂದಚಂದದ ಪೆಟ್ಟಿಗೆಗಳ ನಡುವೆ ನಮ್ಮದೊಂದು ಮೂಗುದಾರ ಹಾಕಿದ ಹಾಗೆ ಹೊರಟಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ, ಪರಿಚಯವಿಲ್ಲದವಳಂತೆ ನಡೆದೆ.

ಪಾಸ್‌ಪೋರ್ಟ್ ನೋಡುವವನು "ಯಾಕೆ ಹೋಗುತ್ತಿದ್ದೀರಿ?" ಎಂದು ಕೇಳಿದ. ಕಲಿತು ಬಂದ ವಾಕ್ಯವೆಲ್ಲ ಮರೆತುಹೋಯಿತು. "ತಂದೆಯ ಕೆಲಸಕ್ಕೆ" ಅಂದೆ. ತಂದೆಯ ವಯಸ್ಸೆಷ್ಟು ಅಂದ. ಸತ್ತು ಐವತ್ತು ವರ್ಷವಾಯಿತು ಅಂದೆ. ಅವನು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ದೇವರು ದೊಡ್ಡವನು, ಠಸ್ಸೆ ಒತ್ತಿ ಕಳಿಸಿದ.

ಮಿಲಾನ್

ಗುರುತಿಗೆ ಇರಲಿ ಎಂದು ಕಾರಿನ ನಂಬರ್ ಪ್ಲೇಟನ್ನು ಬಿಚ್ಚಿ ಸೀರೆಗಳ ನಡುವೆ ಇಟ್ಟುಕೊಂಡಿದ್ದೆ. ಮಿಲಾನಿನಲ್ಲಿ ಹೊರಗೆ ಬರುವ ಬಾಗಿಲ ಹತ್ತಿರ ಕಸ್ಟಮ್ಸಿನವನು ನಮ್ಮ ಹಗ್ಗದ ಸೂಟ್‌ಕೇಸಿಗೆ ಬೆರಳು ಮಾಡಿದ. ಹಗ್ಗ ಬಿಚ್ಚಿದ ಈರಣ್ಣ ಅದನ್ನು ಜೋಪಾನವಾಗಿ ಹೆಗಲ ಮೇಲೆ ಹಾಕಿಕೊಂಡು ನಿಂತ. ರೊಟ್ಟಿ, ನಂಜಿಕೊಳ್ಳುವ ಶೇಂಗಾ ಹಿಂಡಿ, ನನ್ನ ಸೀರೆ, ಎಲ್ಲ ಮೇಜಿನ ಮೇಲೆ ಬಂದವು. ಆಮೇಲೆ ಪ್ಲೇಟು ಬಂತು. ಕರಿ ತಗಡಿನ ಮೇಲೆ ಅವರದೇ ದೇಶದ ಅಕ್ಷರ.

"ಇದು ಯಾರದು?" ಎಂದ.

"ಇದು ನಮ್ಮದಲ್ಲ. ಅಂದರೆ ನಮ್ಮದೇ. ನಾವು ಕದ್ದಿಲ್ಲ" ಅಂದುಬಿಟ್ಟೆ. ಕದ್ದಿರಾ ಎಂದು ಅವನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವುದನ್ನು ಎಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ! ಮೊಬೈಲು ತೆಗೆದು ಕಾರಿನ ಫೋಟೋ ತೋರಿಸಿದೆ. ಅವನ ಹುಬ್ಬು ಮೇಲೇರಿತು. ಆ ಕಡೆ ತಿರುಗಿ ಜೋರಾಗಿ ಏನೋ ಕೂಗಿದ. ಸಮವಸ್ತ್ರದ ಇನ್ನೂ ಮೂವರು ಓಡಿ ಬಂದರು.

"ಅಕ್ಕಾ, ಮುಗೀತು. ಅವ್ವಗ ಫೋನ್ ಹಚ್ಚಲೇನ?" ಎಂದ ಈರಣ್ಣ.

ನಾಲ್ವರೂ ಮೊಬೈಲಿನ ಮೇಲೆ ಬಗ್ಗಿದರು. ಒಬ್ಬ ತನ್ನ ಬೆರಳ ತುದಿಗೆ ಮುತ್ತಿಟ್ಟು ಗಾಳಿಗೆ ಬಿಟ್ಟ. ಇನ್ನೊಬ್ಬ ಎದೆಯ ಮೇಲೆ ಕೈ ಇಟ್ಟುಕೊಂಡ. ಅವರು ನಮ್ಮನ್ನು ಹಿಡಿಯಲು ಬಂದವರಲ್ಲ, ಕಾರಿನ ದರ್ಶನಕ್ಕೆ ಬಂದವರು! ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಹಿರಿಯನೊಬ್ಬ ಗಾಡಿ ಚಾಲೂ ಆಗುತ್ತದೆಯೇ ಎಂದು ಕೇಳಲು ಗಾಳಿಯಲ್ಲೇ ಕೀಲಿಕೈ ತಿರುಗಿಸಿ ತೋರಿಸಿದ. ಐವತ್ತು ವರ್ಷ ಊರು ಕೇಳಿದ್ದನ್ನೇ ಈ ದೇಶದ ಮೊದಲ ಬಾಗಿಲಲ್ಲೂ ಕೇಳಿದರಲ್ಲ! ಇಲ್ಲ ಎಂದು ತಲೆಯಾಡಿಸಿದೆ. ಅವನು ಪ್ಲೇಟನ್ನು ಸೀರೆಯ ಒಳಗೇ ಇಟ್ಟು ಮೇಲೆ ತಟ್ಟಿ ಕೊಟ್ಟ.

ತೊರಿನೊ

ತೊರಿನೊ ಊರಿನಲ್ಲಿ ಒಂದು ರಾತ್ರಿ ಇರಬೇಕಿತ್ತು. ಮಧ್ಯಾಹ್ನ ತಲುಪಿದಾಗ ನಮ್ಮ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದು ಈರಣ್ಣ ಮೆಲ್ಲಗೆ ಮಾತಾಡತೊಡಗಿದ. ಆಮೇಲೆ ತಿಳಿಯಿತು, ಊಟದ ಹೊತ್ತಿಗೆ ಆ ಅಂಗಡಿಯವರು ಬಾಗಿಲು ಹಾಕಿ ಮನೆಗೆ ಹೋಗುತ್ತಾರೆ, ಬಿಸಿಲು ಇಳಿದ ಮೇಲೆ ಬರುತ್ತಾರೆ. ಸವದತ್ತಿಯ ಕಿರಾಣಿಯವರು ಹೀಗೆ ಮಾಡಿದರೆ ಜನ ಬಾಗಿಲು ಮುರಿದಾರು.

ಕಾಫಿಯನ್ನು ಅವರು ನಿಂತೇ ಕುಡಿಯುತ್ತಾರೆ. ಬಟ್ಟಲು ದೇವರ ತೀರ್ಥದಷ್ಟು, ಕಹಿ ಕಷಾಯದಷ್ಟು, ಎರಡು ಗುಟುಕಿಗೆ ಮುಗಿಸಿ ನಡೆಯುತ್ತಾರೆ. ಆದರೆ ಚೌಕದ ಬೆಂಚಿನ ಮೇಲೆ ಮುದುಕರು ಕೂತು ಕೈ ಬೀಸಿ ಬೀಸಿ ಜಗಳದ ಧಾಟಿಯಲ್ಲಿ ಹರಟುವುದನ್ನು ನೋಡಿ ಜೀವಕ್ಕೆ ತುಸು ಹಿತವಾಯಿತು. ನಮ್ಮೂರ ಕಟ್ಟೆಯ ಮುದುಕರಿಗೆ ಕೋಟು ತೊಡಿಸಿದರೆ ಇವರೇ.

ಹೋಟೆಲಿನ ಬಚ್ಚಲಲ್ಲಿ ಕಮೋಡಿನ ಪಕ್ಕಕ್ಕೆ ಇನ್ನೊಂದು ಕಿರಿಯ ಪಿಂಗಾಣಿ ತೊಟ್ಟಿ, ಅದಕ್ಕೊಂದು ನಳ. ಈರಣ್ಣ ಅದರೊಳಗೆ ಪಾದ ಇಟ್ಟು ತಿಕ್ಕಿ ತೊಳೆದು ಹೊರಗೆ ಬಂದ. "ಕಾಲ ತೊಳ್ಯಾಕ ಬ್ಯಾರೇನ ಇಟ್ಟಾರ ನೋಡ ಅಕ್ಕಾ. ಪದ್ಧತಿ ಇದ್ದ ಮಂದಿ" ಎಂದ. ಅದು ಯಾತಕ್ಕೆಂದು ನನಗೆ ಗೊತ್ತಿತ್ತು. ಅಕ್ಕ ತಮ್ಮನಿಗೆ ಹೇಳುವ ವಿಷಯವಲ್ಲ.

ನಗು ಅಲ್ಲಿಗೇ ಮುಗಿಯಿತು. ರೊಟ್ಟಿ ತಿನ್ನುತ್ತ ಈರಣ್ಣ ಕೇಳಿದ: "ಆಕಿ 'ನಿಮ್ಮಪ್ಪ ಕದ್ದಾನ' ಅಂದ್ರ ಅವ್ವನ ಮುಂದ ಏನ ಹೇಳೂಣು?"

"ಇದ್ದದ್ದ ಹೇಳೂದು."

"ನೀ ಹೇಳ್ತಿ?"

ನಾನು ರೊಟ್ಟಿಯ ಗಂಟು ಕಟ್ಟಿಟ್ಟೆ. ಅಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಅವನ ನಗು ಮಾತ್ರ, ಅದೂ ಆ ಕೀಲಿಕೈಯ ಮಾತಿಗೆ ನಕ್ಕ ನಗು. ಕಳ್ಳ ಹಾಗೆ ನಗುತ್ತಾನೆಯೇ? ನಗಲೂಬಹುದು. ಸಿಕ್ಕಿಬೀಳದ ಕಳ್ಳ ಹಾಗೆಯೇ ನಗುತ್ತಾನೆ.

ಕೂನೆಯೋ

ಮರುದಿನ ರೈಲು ಹತ್ತಿದೆವು. ಟಿಕೆಟ್ಟು ತೆಗೆದುಕೊಂಡರೆ ಸಾಲದು, ಹತ್ತುವ ಮೊದಲು ಅದನ್ನು ಪ್ಲಾಟ್‌ಫಾರ್ಮಿನ ಒಂದು ಡಬ್ಬಿಯ ಬಾಯಿಗೆ ಕೊಟ್ಟು ಠಸ್ಸೆ ಹಾಕಿಸಿಕೊಳ್ಳಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಕಂಡಕ್ಟರ್ ಹೆಣ್ಣುಮಗಳು ಟಿಕೆಟ್ಟನ್ನು ತಿರುತಿರುಗಿಸಿ ನೋಡಿ ಉದ್ದ ಮಾತಾಡಿದಳು. ಒಂದಕ್ಷರವೂ ತಿಳಿಯಲಿಲ್ಲ. "ನಾವು ಕದ್ದ ಹತ್ತಿಲ್ಲರಿ ಬಾಯಾರ" ಎಂದು ಈರಣ್ಣ ಕೈಮುಗಿದು ಎದ್ದು ನಿಂತ. ಕೈಮುಗಿದದ್ದಕ್ಕೋ ಏನೋ, ಅವಳೇ ಪೆನ್ನು ತೆಗೆದು ಟಿಕೆಟ್ಟಿನ ಮೇಲೆ ತಾರೀಖು ಗೀಚಿ, ಅವನ ಭುಜ ಒತ್ತಿ ಕೂರಿಸಿ ಹೋದಳು. ನಮ್ಮ ಯರಗಟ್ಟಿ ಬಸ್ಸಿನ ಕಂಡಕ್ಟರು ನೆನಪಾದರು. ಅವರೂ ಹೀಗೆಯೇ, ಮೊದಲು ಬೈಗುಳ, ಆಮೇಲೆ ಸೀಟು.

ಕೂನೆಯೋ ಸ್ಟೇಷನ್ನಿನ ಹೊರಗೆ ಲುಚಿಯಾ ನಿಂತಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ನೆಟ್ಟಗಿನ ಮೈ, ಬಿಳಿಯ ಗಿಡ್ಡ ಕೂದಲು. ನಮ್ಮಿಬ್ಬರ ಕೈ ಕುಲುಕಿದಳು, ನಗಲಿಲ್ಲ. ಆಮೇಲೆ ಅವಳ ದೃಷ್ಟಿ ಸೂಟ್‌ಕೇಸಿನ ಹಗ್ಗದ ಮೇಲೆ ಬಿತ್ತು. ಅಲ್ಲಿಂದ ಕೀಳಲೇ ಇಲ್ಲ. ಬಗ್ಗಿ, ಕೆಂಪು ಅರಿವೆ ಕಟ್ಟಿದ ಗಂಟನ್ನು ಒಂದು ಬೆರಳಿನಿಂದ ಮುಟ್ಟಿದಳು. ನಾಚಿಕೆಯಿಂದ ನನ್ನ ಮುಖ ಸುಟ್ಟಿತು. ಇವರು ಬಡವರು, ಹಾಗಾದರೆ ಕದ್ದವರೇ ಎಂದು ಲೆಕ್ಕ ಹಾಕುತ್ತಿದ್ದಾಳೆ ಅನ್ನಿಸಿತು. ಅವಳು ಸೂಟ್‌ಕೇಸನ್ನು ತಾನೇ ಎತ್ತಿ ತನ್ನ ಪುಟ್ಟ ಕಾರಿನ ಹಿಂದೆ ಇಟ್ಟಳು.

ಅವಳ ಊರಿಗೆ ಗುಡ್ಡ ಹತ್ತಬೇಕಿತ್ತು. ಅವಳು ಕಾರು ನಡೆಸಿದ ರೀತಿ ದೇವರಿಗೇ ಪ್ರೀತಿ. ತಿರುವು ಬಂದರೆ ಹಾರ್ನು, ಬ್ರೇಕಿನ ಮಾತೇ ಇಲ್ಲ. ಬಲಕ್ಕೆ ಆಳದ ಕೊಳ್ಳ. ಹುಣ್ಣಿಮೆಯ ದಿನ ಟ್ರ್ಯಾಕ್ಸ್ ಗಾಡಿಯ ಹಿಂದೆ ಜೋತುಬಿದ್ದು ಯಲ್ಲಮ್ಮನ ಗುಡ್ಡ ಹತ್ತಿದವಳು ನಾನು, ಆಗಲೂ ಇಷ್ಟು ಅಂಜಿರಲಿಲ್ಲ. "ಉಧೋ ಉಧೋ" ಎಂದು ಈರಣ್ಣ ಹಿಂದಿನ ಸೀಟಿನಲ್ಲಿ ಸಣ್ಣಗೆ ಜಪಿಸುತ್ತಿದ್ದ. ಒಂದು ತಿರುವಿನಲ್ಲಿ ಬೆಳ್ಳಗಿನ ದನಗಳ ಹಿಂಡು ಮೇಯುತ್ತಿತ್ತು, ಕೊರಳಲ್ಲಿ ಗಂಟೆ. ಜಪ ನಿಂತಿತು. "ನಮ್ಮ ಕಿಲಾರಿ ಎತ್ತಿನ ಹಂಗ ಬೆಳ್ಳಗ ಅದಾವ ನೋಡ, ಡುಬ್ಬ ಒಂದ ಇಲ್ಲ" ಎಂದ. ಏನಂದ ಎಂದು ಲುಚಿಯಾ ಕೇಳಿದಳು. ಹೇಳಿದೆ. ಆಗಲೂ ನಗಲಿಲ್ಲ, ಆದರೆ ಕಾರಿನ ವೇಗ ತಗ್ಗಿಸಿದಳು.

ಗುಡ್ಡದ ಮೇಲಿನ ಮನೆ

ಕಲ್ಲಿನ ಮನೆ, ಪಕ್ಕಕ್ಕೆ ಹಾಳುಬಿದ್ದ ಹಳೆಯ ಕೊಟ್ಟಿಗೆ. ಆ ಮನೆಯಲ್ಲಿ ಅವಳೊಬ್ಬಳೇ. ಮೊದಲು ಊಟ, ಆಮೇಲೆ ಮಾತು ಎಂದಳು. ಈ ವಿಷಯದಲ್ಲಿ ಅವರೂ ನಮ್ಮಂತೆಯೇ, ಬಂದವರ ಹೊಟ್ಟೆ ತುಂಬದೆ ಬಂದ ಕೆಲಸ ಕೇಳುವುದಿಲ್ಲ. ನಾವು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಮೆಕ್ಕೆಜೋಳದ ಹಿಟ್ಟನ್ನು ನಮ್ಮ ನುಚ್ಚಿನ ಹಾಗೆ ಗಟ್ಟಿಯಾಗಿ ಕುದಿಸಿ, ಮೇಲೆ ಬೆಣ್ಣೆ ಹಾಕಿ ಬಡಿಸಿದಳು. ಈರಣ್ಣ ಮೂರು ಸಲ ಹಾಕಿಸಿಕೊಂಡ. ಅಂಜಿಕೆಯಾದರೆ ಅವನಿಗೆ ಹಸಿವು ಹೆಚ್ಚು.

ತಟ್ಟೆ ತೆಗೆದು ಒರೆಸಿದ ಮೇಜಿನ ಮೇಲೆ ನಾನು ನಂಬರ್ ಪ್ಲೇಟು ಇಟ್ಟೆ. ಲುಚಿಯಾ ಅದರ ಮೇಲೆ ಅಂಗೈ ಊರಿದಳು. ಅವಳ ಇಂಗ್ಲಿಷು ನಿಧಾನ, ಒಂದೊಂದು ಶಬ್ದವನ್ನೂ ಹುಡುಕಿ ತರುತ್ತಿದ್ದಳು.

"ಈ ಕಾರು ನಮ್ಮ ಮನೆಯ ಶಾಂತಿ ತಿಂದಿತು" ಎಂದಳು. "ಅಪ್ಪ ಕಾರಿಲ್ಲದೆ ಬಂದರು. ಇಂಡಿಯಾದಲ್ಲಿ ಒಬ್ಬ ಗೆಳೆಯನಿಗೆ ಮಾರಿದೆ ಅಂದರು. ಅಮ್ಮ ನಂಬಲಿಲ್ಲ. ನಿನ್ನಿಂದ ಯಾರೋ ಕಸಿದುಕೊಂಡಿದ್ದಾರೆ, ಹೇಳಲು ನಿನಗೆ ನಾಚಿಕೆ ಅಂದಳು. ಸಾಯುವವರೆಗೆ ಅದನ್ನೇ ಅಂದಳು."

ಈರಣ್ಣ ನನ್ನ ಮುಖ ನೋಡುತ್ತಿದ್ದ. ಆಮೇಲೆ ಹೇಳುತ್ತೇನೆ ಎಂದು ಕೈ ಮಾಡಿದೆ.

"ಒಂದು ಪ್ರಶ್ನೆ" ಎಂದಳು ಲುಚಿಯಾ. "ಕೀಲಿಕೈ ನಿಮ್ಮ ಹತ್ತಿರ ಇದೆಯೇ?"

ಬಂತು. ಏಳು ಸಮುದ್ರ ದಾಟಿದರೂ ಅದೇ ಪ್ರಶ್ನೆ. ಸುಳ್ಳು ಹೇಳಿಬಿಡಲೇ, ಎಲ್ಲೋ ಕಳೆದುಹೋಯಿತು ಅನ್ನಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅವ್ವ ಇದ್ದದ್ದು ಕೇಳಿಕೊಂಡು ಬರಲು ಕಳಿಸಿದ್ದಳು. "ಇಲ್ಲ. ಎಂದೂ ಇರಲಿಲ್ಲ" ಅಂದೆ.

ಲುಚಿಯಾ ಎದ್ದಳು. ಬನ್ನಿ ಎಂದು ಕೈ ಮಾಡಿ ಅಂಗಳ ದಾಟಿ ಹಳೆಯ ಕೊಟ್ಟಿಗೆಯ ಬಾಗಿಲು ನೂಕಿದಳು. ಒಳಗೆ ಕತ್ತಲೆ, ಒಣ ಹುಲ್ಲಿನ ಹಳೇ ವಾಸನೆ. ಅವಳ ಅಜ್ಜನ ಕಾಲದಿಂದ ದನ ಕಟ್ಟಿದ ಮನೆಯಂತೆ ಅದು, ಅವಳ ಅಪ್ಪ ಇಂಜಿನಿಯರ್ ಆದಮೇಲೂ ದನ ಬಿಟ್ಟಿರಲಿಲ್ಲವಂತೆ. ಅವಳು ಕಿಟಕಿಯ ಹಲಗೆ ಸರಿಸಿದಳು. ಬೆಳಕು ಗೋಡೆಯ ಮೇಲೆ ಬಿತ್ತು. ಗೋಡೆಗೆ ಸಾಲಾಗಿ ಕಟ್ಟಿಗೆಯ ಗೂಟಗಳು, ಎಲ್ಲವೂ ಖಾಲಿ. ಒಂದಕ್ಕೆ ಮಾತ್ರ ಒಂದು ಗೇಣು ಹಗ್ಗ ತೂಗುತ್ತಿತ್ತು, ಹಗ್ಗದ ತುದಿಗೆ ಒಂದು ಸಣ್ಣ ಕೀಲಿಕೈ.

ನನಗೆ ಕೀಲಿಕೈ ಮಾತ್ರ ಕಂಡಿತು. ಈರಣ್ಣನಿಗೆ ಹಗ್ಗ ಕಂಡಿತು. ಅವನು ಬಾಗಿಲಲ್ಲೇ ಬೂಟು ಕಳಚಿ ಒಳಗೆ ಹೋಗಿ, ಹಗ್ಗವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಅಕ್ಕಾ, ಪುಂಡಿನಾರು. ನಮ್ಮ ಕಡೇದ ಹಗ್ಗ ಇದು" ಎಂದ. ಆಮೇಲೆ ಅವನ ಮಾತು ತೊದಲಿತು. "ಸಾಹೇಬ ಹಗ್ಗ ಇಟ್ಕೊಂಡಾನ ಅಕ್ಕಾ... ಮಾರಿದಂವ ಹಗ್ಗ ಕೊಡೂದಿಲ್ಲಲಾ... ನಮ್ಮಪ್ಪ ಹೇಳಿಕೊಟ್ಟಾನ ಇಂವಗ. ಕಾರಿಗಿ ಹಗ್ಗ ಎಲ್ಲಿಂದ ಬರಬೇಕು? ಕೀಲಿಕೈನ ಅದರ ಹಗ್ಗ."

'ಅದು ಅವರ ಕಡೇನ ಇರಬೇಕು.' ಅಪ್ಪ ಹೇಳಿದ್ದು ಅಷ್ಟೇ, ನೇರವಾಗಿ, ಎಲ್ಲರ ಎದುರಿಗೆ. ಗೂಟದ ತುಂಬ ಹಗ್ಗ ತೂಗಿಹಾಕಿಕೊಂಡ ಊರು ನಮ್ಮದು. ಐವತ್ತು ವರ್ಷ ಒಬ್ಬರಿಗೂ ಹೊಳೆಯಲಿಲ್ಲ. ಅದು ಕಾರು, ಎತ್ತಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಎತ್ತು ಹೂಡಿ ಕಾರು ತಂದವನಿಗೆ ಮಾತ್ರ ಆ ಭೇದ ಇರಲಿಲ್ಲ.

ಲುಚಿಯಾಗೆ ಬಿಡಿಸಿ ಹೇಳುವಾಗ ನನ್ನ ಇಂಗ್ಲಿಷೆಲ್ಲ ಕೈಕೊಟ್ಟಿತು. ಎತ್ತು, ಸಂತೆ, ಹಗ್ಗ ಎಂದು ಬಿಡಿಬಿಡಿ ಶಬ್ದ ಹೇಳಿದೆ. ಈರಣ್ಣ ಎತ್ತಾಗಿ ಬಗ್ಗಿ ನಿಂತು, ಮತ್ತೆ ತಾನೇ ಮಾರುವವನಾಗಿ ಹಗ್ಗ ಬಿಚ್ಚಿಕೊಂಡು ತೋರಿಸಿದ. ಅವಳು ಕಣ್ಣು ಪಿಳುಕಿಸದೆ ನೋಡಿದಳು. ನೋಡಿ, ದನಕ್ಕೆ ಮೇವು ಹಾಕುವ ಕಟ್ಟೆಯ ಮೇಲೆ ಕುಸಿದು ಕೂತಳು.

"ಮಾರಿದ್ದರೆ ಕೀಲಿಕೈ ನಿನ್ನ ಹತ್ತಿರ ಯಾಕಿದೆ?" ಎಂದಳು. "ಅಮ್ಮ ಅಪ್ಪನನ್ನು ದಿನಾ ಹೀಗೆಯೇ ಕೇಳುತ್ತಿದ್ದಳು. ಅಪ್ಪ ನಕ್ಕುಬಿಡುತ್ತಿದ್ದರು. ಅಲ್ಲಿಯವರನ್ನು ಕೇಳು, ಹೇಳುತ್ತಾರೆ ಅನ್ನುತ್ತಿದ್ದರು. ಫೋನಿನಲ್ಲಿ ಕೇಳಿದರೆ ನೀವು ಏನಾದರೂ ಹೇಳಬಹುದಿತ್ತು. ಕೇಳುವಾಗ ನಿಮ್ಮ ಮುಖ ನೋಡಬೇಕಿತ್ತು ನನಗೆ. ಸ್ಟೇಷನ್ನಿನಲ್ಲಿ ಆ ಪೆಟ್ಟಿಗೆಯ ಹಗ್ಗ ನೋಡಿದೆ, ನನ್ನ ಎದೆ ಬಡಿದುಕೊಂಡಿತು."

ಎದೆ ಬಡಿದುಕೊಂಡದ್ದು ಅವಳದಂತೆ! ಇಡೀ ದಾರಿ ಅಂಜಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅವಳ ಕಣ್ಣಲ್ಲಿ ನೀರು ಬಂತು. "ಪಾಪ, ಅಮ್ಮ" ಎಂದಳು. ನನಗೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಆಮೇಲೆ ಅವಳು ಗೂಟದಿಂದ ಹಗ್ಗ ತೆಗೆದು, ಕೀಲಿಕೈ ಸಮೇತ ಈರಣ್ಣನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಎರಡೂ ಕೈಯಿಂದ ಅವಳ ಮುಷ್ಟಿಯನ್ನು ಮುಚ್ಚಿದ. "ಬ್ಯಾಡ್ರಿ ಅಕ್ಕಾರ. ಹಗ್ಗ ಮಾರಿದವರ ಮನ್ಯಾಗ ಇರಬೇಕು. ಇಲ್ಲಂದ್ರ ಮಾರಾಟ ಸುಳ್ಳಾಗತೈತಿ" ಎಂದ. ಇದನ್ನು ನಾನು ಇಂಗ್ಲಿಷಿಗೆ ತರುವ ಮೊದಲೇ ಅವಳು ಹಗ್ಗವನ್ನು ತಿರುಗಿ ಗೂಟಕ್ಕೆ ಹಾಕಿದಳು. ಸಂಜೆ ಮೇಜಿನ ಮುಂದೆ ಕೂತು ತನ್ನ ತಕರಾರಿಲ್ಲ ಎಂದು ಕಾಗದ ಬರೆದುಕೊಟ್ಟಳು. ನಾನು ಗೂಟದ ಮೇಲಿನ ಕೀಲಿಕೈಯ ಫೋಟೋ ತೆಗೆದುಕೊಂಡೆ.

ಸಿರಸಂಗಿ

ಬರುವ ದಾರಿಯುದ್ದಕ್ಕೂ ಈರಣ್ಣ ಹಾಯಾಗಿ ನಿದ್ದೆ ಮಾಡಿದ. ನನಗೆ ಹೊಸ ಅಂಜಿಕೆ ಹತ್ತಿತ್ತು. ಹೋಗುವಾಗ ಅಪ್ಪ ಕಳ್ಳನಾಗಿದ್ದರೆ ಅವ್ವನಿಗೆ ಹೇಗೆ ಹೇಳುವುದು ಎಂದು ಅಂಜಿದ್ದೆ. ಈಗ ಕಳ್ಳನಲ್ಲ ಎಂದು ಹೇಗೆ ಹೇಳುವುದು? ಕಳ್ಳ ಎಂದಿದ್ದರೆ ಅವ್ವ ಅಂದುಕೊಂಡದ್ದೇ ನಿಜವಾಗುತ್ತಿತ್ತು, ಸಹಿಸಿಕೊಳ್ಳುತ್ತಿದ್ದಳು. ಅವನು ಪ್ರಾಮಾಣಿಕ ಎಂದರೆ, ಅವನು ಕರೆದ ದಿನ ಗಾಡಿ ಹತ್ತದೆ ನಿಂತದ್ದು, ಬಣವೆಗೆ ಬೆನ್ನು ಮಾಡಿ ನಡೆದದ್ದು, ಅದನ್ನೆಲ್ಲ ಈ ಎಂಬತ್ತೆರಡನೆಯ ವಯಸ್ಸಿನಲ್ಲಿ ಅವಳು ಎಲ್ಲಿ ಇಟ್ಟುಕೊಳ್ಳಬೇಕು?

ಸಿರಸಂಗಿ ಮುಟ್ಟಿದಾಗ ಅವ್ವ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಡಲಿಲ್ಲ. "ಏನಂದ್ರು?" ಎಂದಳು.

ನಾನು ಮೊಬೈಲು ಕೊಟ್ಟೆ. ಅವ್ವ ಕನ್ನಡಕ ಏರಿಸಿ ಫೋಟೋ ನೋಡಿದಳು. ಕೊಟ್ಟಿಗೆ, ಗೂಟ, ಹಗ್ಗ, ಕೀಲಿಕೈ. ಅವಳೂ ರೈತಾಪಿ ಮನೆಯ ಮಗಳು. ಬಿಡಿಸಿ ಹೇಳಬೇಕಾಗಲಿಲ್ಲ. ಮೊಬೈಲಿನ ಬೆಳಕು ಆರಿತು, ಈರಣ್ಣ ಮುಟ್ಟಿ ಹೊತ್ತಿಸಿದ, ಮತ್ತೆ ಆರಿತು. ಅವ್ವ ಹಾಗೇ ಹಿಡಿದುಕೊಂಡು ಕೂತಿದ್ದಳು.

ಕಡೆಗೆ ಮೊರ ಪಕ್ಕಕ್ಕೆ ಸರಿಸಿ, ಮಂಡಿಗೆ ಕೈಯೂರಿ ಎದ್ದಳು. ತಲೆಯ ಮೇಲೆ ಸೆರಗು ಹೊದ್ದಳು. ಹಿತ್ತಲ ಬಾಗಿಲು ದಾಟಿ, ಈ ಸಲ ಬೆನ್ನು ಮಾಡದೆ, ನೆಟ್ಟಗೆ ಕಾರಿನ ಮುಂದೆ ಹೋಗಿ ನಿಂತಳು. ದಲ್ಲಾಳಿ ಫೋಟೋ ತೆಗೆದ ಮೇಲೆ ಕಣಕಿ ಮತ್ತೆ ಒಟ್ಟಿರಲಿಲ್ಲ, ಕೆಂಪು ಮೈ ಬಿಸಿಲಿಗೆ ಹೊಳೆಯುತ್ತಿತ್ತು.

"ನಿಮ್ಮಪ್ಪ ಯಾವ ಕಡೆ ಕುಂದರ್ತಿದ್ದ?" ಎಂದಳು.

"ಎಡಕ್ಕ. ಸ್ಟೇರಿಂಗ್ ಆ ಕಡೆ ಐತವ್ವಾ" ಎಂದ ಈರಣ್ಣ.

"ಹಂಗಂದ್ರ ಈ ಕಡೆ ಬಾಗಲಾ ತಗೀ."

ಬಾಗಿಲು ಕಿರುಗುಟ್ಟಿ ತೆರೆಯಿತು. ಸೀಟು ಬಹಳ ತಗ್ಗು, ಇಬ್ಬರೂ ಹಿಡಿದು ಕೂರಿಸಿದೆವು. ಅವ್ವ ಪಕ್ಕದ ಖಾಲಿ ಸೀಟನ್ನು ಒಮ್ಮೆ ನೋಡಿ, ಅದರ ಮೇಲಿದ್ದ ಕಣಕಿಯ ಎಲೆಗಳನ್ನು ಸೆರಗಿನಿಂದ ಜಾಡಿಸಿದಳು. ಆಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತ ಕೂತಳು. "ಬಾಗಲಾ ಹಾಕ್ರಿ" ಎಂದಳು.

ಹಾಕಿ ದೂರ ಬಂದು ನಿಂತೆವು. ಅಷ್ಟರಲ್ಲಿ ಈರಣ್ಣನ ಫೋನು ಹೊಡೆದುಕೊಂಡಿತು. ಪುಣೆಯ ದಲ್ಲಾಳಿ. ಕಾಗದ ಸಿಕ್ಕಿತಂತಲ್ಲ, ಕೊಳ್ಳುವವರು ತಯಾರಿದ್ದಾರೆ, ಗಾಡಿ ಒಯ್ಯಲು ನಾಳೆ ಲಾರಿ ಕಳಿಸಲೇ ಎಂದು ಕೇಳುತ್ತಿದ್ದ. ನನಗೂ ಕೇಳಿಸುವಷ್ಟು ಜೋರಿತ್ತು ದನಿ.

ಈರಣ್ಣ ಕಾರಿನ ಕಡೆ ನೋಡಿದ.

"ಈಗ ಆಗೂದಿಲ್ರಿ" ಎಂದ. "ಗಾಡಿ ಖಾಲಿ ಇಲ್ಲ. ನಮ್ಮವ್ವ ಕುಂತಾಳ."